‘ಎಕ್ಸೀಡ್’ ಹುಡುಕಿದೆ, ಅರ್ಧ ಉತ್ತರ ಸಿಕ್ಕಿತು

ಅನುವಾದ ನನ್ನ ದಿನನಿತ್ಯದ ಕೆಲಸ. ಹೊಸ ಇಂಗ್ಲಿಷ್-ಕನ್ನಡ ನಿಘಂಟು ಆ್ಯಪ್ ಸಿಕ್ಕಿದರೆ ನಾನು ಮೊದಲು ಹುಡುಕುವ ಪದ ‘ಎಕ್ಸೀಡ್’. ಈ ಆ್ಯಪ್ ‘ಮೀರು, ಅತಿಯಾಗು’ ಅಂತ ಎರಡೇ ಪದ ಕೊಟ್ಟು ಸುಮ್ಮನಾಯಿತು.

ಎಕ್ಸೀಡ್ ಅಂದರೆ ಸುಮ್ನೆ ಜಾಸ್ತಿ ಆಗುವುದಲ್ಲ. ಅಲ್ಲೊಂದು ಗೆರೆ ಇರಬೇಕು, ಅದನ್ನು ದಾಟಬೇಕು. ಲ್ಯಾಟಿನ್ ಮೂಲದಲ್ಲೇ ‘ಹೊರಗೆ ಹೋಗು’ ಅನ್ನುವ ಅರ್ಥವಿದೆ. ವೇಗದ ಮಿತಿಯನ್ನು ಎಕ್ಸೀಡ್ ಮಾಡಿದರೆ ತಪ್ಪು, ನಿರೀಕ್ಷೆಯನ್ನು ಎಕ್ಸೀಡ್ ಮಾಡಿದರೆ ಮೆಚ್ಚುಗೆ. ಮಿತಿ ಮೀರಿತು, ನಿರೀಕ್ಷೆ ಮೀರಿತು: ನಮ್ಮ ‘ಮೀರು’ ಎರಡಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆ, ಅಲ್ವಾ? ಇದನ್ನು ತೋರಿಸಲು ಒಂದು ಉದಾಹರಣೆಯೂ ಇಲ್ಲ.

ಎಕ್ಸೀಡ್ ಮುಂದೆ ‘ದ್ಯಾನ್’ ಬರಬಾರದು ಅನ್ನುವ ಎಚ್ಚರಿಕೆಯೂ ಇಲ್ಲ. ‘ನೂರಕ್ಕಿಂತ’ ಅನ್ನುವ ಅಭ್ಯಾಸದಲ್ಲಿ ನಾವು ‘ಎಕ್ಸೀಡ್ಸ್ ದ್ಯಾನ್ ಹಂಡ್ರೆಡ್’ ಅಂತ ಬರೆದುಬಿಡುತ್ತೇವೆ. ಹೋದ ವಾರ ನಾನು ತಿದ್ದಿದ ಒಂದು ಕರಡಿನಲ್ಲಿ ಇದೇ ತಪ್ಪು 4 ಕಡೆ ಇತ್ತು.

ಉಚ್ಚಾರಣೆ ಸ್ಪಷ್ಟವಾಗಿದೆ. ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಓದುವಾಗ ಥಟ್ಟನೆ ಅರ್ಥ ನೋಡಲು ಸಾಕು, ಬರೆಯುವವರಿಗೆ ಸಾಲದು. ನನ್ನ ಹಳೆಯ ದಪ್ಪ ನಿಘಂಟು ಮತ್ತೆ ಮೇಜಿನ ಮೇಲೆ ಬಂದಿದೆ.