ದಾವಣಗೆರೆಯ ಪ್ರೌಢಶಾಲೆಯೊಂದರ ಆಪ್ತಸಮಾಲೋಚನೆ: ಒಬ್ಬ ತಂದೆಯ ಅನುಭವ

ನನ್ನ ಮಗ 9ನೇ ತರಗತಿಯಲ್ಲಿ ಓದುತ್ತಿರುವ ಶಾಲೆಯ ಆಪ್ತಸಮಾಲೋಚನೆ ಸೇವೆಯನ್ನು ನಮ್ಮ ಕುಟುಂಬ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಆರು ಬಾರಿ ಬಳಸಿಕೊಂಡಿದೆ. ಶಾಲೆಯ ಹೆಸರು ಹೇಳಿದರೆ ಮಗನ ಗುರುತು ಸಿಗುತ್ತದೆಯಾದ್ದರಿಂದ ಹೇಳುವುದಿಲ್ಲ. ಆದರೆ ಇಂಥ ಕೊಠಡಿಯೊಳಗೆ ಏನು ನಡೆಯುತ್ತದೆ, ಅಲ್ಲಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ನಮ್ಮೂರಿನ ಬೇರೆ ತಂದೆತಾಯಿಗಳಿಗೂ ತಿಳಿಯಬೇಕು ಎನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನಾನು ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಆವಕ ಜೋರಾಗಿದ್ದ ಒಂದು ಮಧ್ಯಾಹ್ನ ತರಗತಿ ಶಿಕ್ಷಕರು ಫೋನ್ ಮಾಡಿ ಕರೆಸಿಕೊಂಡು, ಎಫ್‌ಎ-2 (ಎರಡನೆಯ ರೂಪಣಾತ್ಮಕ ಪರೀಕ್ಷೆ) ಅಂಕಪಟ್ಟಿಯನ್ನು ಮುಂದಿಟ್ಟು, ಇದು ನಿಮ್ಮ ಸಹಿಯೇ ಎಂದು ಕೇಳಿದರು. ಗಣಿತದಲ್ಲಿ 11 ಅಂಕ. ಕೆಳಗೆ ನನ್ನ ಸಹಿ. ಸಹಿಯ ಅಡಿಗೆರೆ, ಆ ಗೆರೆಯ ಕೆಳಗೆ ನಾನು ಇಪ್ಪತ್ತು ವರ್ಷದಿಂದ ರೂಢಿಯಂತೆ ಇಡುವ ಎರಡು ಚುಕ್ಕೆಗಳನ್ನೂ ಮಗ ಬಿಟ್ಟಿರಲಿಲ್ಲ. ನನಗೆ ತಡೆದುಕೊಳ್ಳಲಾಗಲಿಲ್ಲ, ಶಾಲೆಯ ಪಡಸಾಲೆಯಲ್ಲೇ ಅವನ ಕೆನ್ನೆಗೆ ಹೊಡೆದುಬಿಟ್ಟೆ. ಅದೇ ಹೊತ್ತಿಗೆ ಪಕ್ಕದ ಕೊಠಡಿಯಿಂದ ಹೊರಬಂದ ಆಪ್ತಸಮಾಲೋಚಕಿ ನನಗೊಂದು ಮಾತನ್ನೂ ಹೇಳದೆ, ಹುಡುಗನ ಬೆನ್ನ ಮೇಲೆ ಕೈಯಿಟ್ಟು ಗ್ರಂಥಾಲಯಕ್ಕೆ ಬಿಟ್ಟುಬಂದು, ಆಮೇಲೆ ನನ್ನನ್ನು ಒಳಗೆ ಕೂರಿಸಿ ಒಂದು ಲೋಟ ನೀರು ಕೊಟ್ಟರು. ಉಪದೇಶ ಬರುತ್ತದೆ ಎಂದುಕೊಂಡಿದ್ದೆ. "ಸರ್, ನಿಮಗೆ ಏನು ನೋವಾಯಿತು, ಅಂಕವೋ ಸಹಿಯೋ?" ಎಂದಷ್ಟೇ ಕೇಳಿದರು. ಉತ್ತರ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಅದಾದ ಮೇಲೆಯೇ ಅವರು, ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿರುವುದನ್ನು ನೆನಪಿಸಿ, ಈ ಆವರಣದೊಳಗೆ ಹೊಡೆಯುವವರು ತಂದೆಯೇ ಆದರೂ ತಾನು ನೋಡಿಕೊಂಡು ಸುಮ್ಮನಿರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ದನಿ ಏರಿಸಲಿಲ್ಲ, ಮಾತನ್ನು ಮೆತ್ತಗೂ ಮಾಡಲಿಲ್ಲ.

ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಅವರು ಮೊದಲ ದಿನವೇ ನಮಗೆ ಓದಿ ಹೇಳಿದ ಕರಾರು. ಹುಡುಗ ಅವರೊಂದಿಗೆ ಆಡುವ ಮಾತು ಅವನ ಒಪ್ಪಿಗೆಯಿಲ್ಲದೆ ನಮಗಾಗಲಿ ಶಿಕ್ಷಕರಿಗಾಗಲಿ ತಲುಪುವುದಿಲ್ಲ. ಅವನು ತನಗೆ ತಾನೇ ಹಾನಿ ಮಾಡಿಕೊಳ್ಳುವ ಸೂಚನೆ ಕಂಡರೆ, ಬೇರೆಯವರಿಗೆ ಹಾನಿ ಮಾಡುವಂತಿದ್ದರೆ, ಅಥವಾ ಯಾರಾದರೂ ಅವನಿಗೆ ಹಾನಿ ಮಾಡುತ್ತಿದ್ದರೆ ಮಾತ್ರ ಆ ಗುಟ್ಟು ಉಳಿಯುವುದಿಲ್ಲ. ಲೈಂಗಿಕ ಕಿರುಕುಳದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮನೆತನದ ಮರ್ಯಾದೆ ಎಂದು ಯಾರು ಬೇಡಿಕೊಂಡರೂ ಮುಚ್ಚಿಡಲು ಬರುವುದಿಲ್ಲ ಎಂಬುದನ್ನೂ ಆಗಲೇ ಹೇಳಿದರು. ಇದೆಲ್ಲವನ್ನೂ ಮಗನ ಎದುರಿಗೇ ಹೇಳಿದ್ದರಿಂದ ಅವನಿಗೆ ಅವರ ಮೇಲೆ ನಂಬಿಕೆ ಬಂತು ಎಂದು ನನ್ನ ಭಾವನೆ. ಮೊದಮೊದಲು ನನಗೆ ಇದು ಕಸಿವಿಸಿಯಾಗಿತ್ತು. ನಾನು ಹೆತ್ತವನಲ್ಲವೇ, ನನಗೇಕೆ ಹೇಳಬಾರದು ಎಂದು ಎರಡನೆಯ ಭೇಟಿಯಲ್ಲಿ ಕೇಳಿಯೂ ಕೇಳಿದೆ. "ಅವನೇ ಹೇಳುತ್ತಾನೆ, ಹೇಳಲು ಧೈರ್ಯ ಬರುವವರೆಗೆ ಸ್ವಲ್ಪ ಸಮಯ ಕೊಡಿ" ಎಂದರು. ಮೂರನೆಯ ವಾರ ಅವನೇ ಹೇಳಿದ.

ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನನ್ನು ನಾವು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೆವು. ಗಣಿತ ಬಾರದೆ ಅವನು ಹಿಂದೆ ಬಿದ್ದಿರಲಿಲ್ಲ. ಆಪ್ತಸಮಾಲೋಚಕಿ ಅದೇ ಪ್ರಶ್ನೆಪತ್ರಿಕೆಯ ಲೆಕ್ಕಗಳನ್ನು ಬಾಯಲ್ಲಿ ಕನ್ನಡದಲ್ಲಿ ಓದಿ ಹೇಳಿದಾಗ, ಬಿಟ್ಟುಬಂದಿದ್ದ ಎಷ್ಟೋ ಲೆಕ್ಕಗಳನ್ನು ಅವನು ಅಲ್ಲೇ ಕುಳಿತು ಮಾಡಿದನಂತೆ. ಲ.ಸಾ.ಅ. ಗೊತ್ತಿತ್ತು, ಎಲ್‌ಸಿಎಂ ಎಂದರೆ ಅದೇ ಎಂದು ಗೊತ್ತಿರಲಿಲ್ಲ; ವಿಕರ್ಣ ಗೊತ್ತಿತ್ತು, ಹೈಪಾಟೆನ್ಯೂಸ್ ಗೊತ್ತಿರಲಿಲ್ಲ. ತರಗತಿಯಲ್ಲಿ ಕೇಳಲು ನಾಚಿಕೆ, ಮನೆಯಲ್ಲಿ ಹೇಳಲು ನನ್ನ ಭಯ. ಗಣಿತ ಶಿಕ್ಷಕರ ಒಪ್ಪಿಗೆ ಪಡೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ ಬರೆದುಕೊಳ್ಳುವ ಒಂದು 100 ಪುಟದ ನೋಟ್‌ಬುಕ್ಕನ್ನು ಅವರು ಮಾಡಿಸಿದರು. ಫೆಬ್ರುವರಿಯ ಹೊತ್ತಿಗೆ ಅದು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಕನ್ನಡ ಮಾಧ್ಯಮಕ್ಕೆ ಮರಳುವ ದಾರಿಯನ್ನೂ ನಮ್ಮ ಮುಂದಿಟ್ಟರು, ಆದರೆ ಇದನ್ನೇ ಮಾಡಿ ಎಂದು ಹೇಳಲಿಲ್ಲ. ಉಳಿಯುತ್ತೇನೆ ಎಂದು ತೀರ್ಮಾನಿಸಿದ್ದು ಮಗ.

ನಡುವೆ ನಮ್ಮಣ್ಣ, ಹುಡುಗನ ದೊಡ್ಡಪ್ಪ, ಒಂದು ದಿನ ಹೇಳದೆ ಕೇಳದೆ ಶಾಲೆಗೆ ಹೋಗಿ, "ಏನ್ರಿ ಮೇಡಂ, ನಮ್ಮ ಹುಡುಗನ್ನ ನಾವು ಬೈಯಂಗಿಲ್ಲೇನ್ರಿ?" ಎಂದು ಕೂಗಾಡಿದ್ದರು. ನಾನು ಓಡಿಹೋಗುವಷ್ಟರಲ್ಲಿ ಅರ್ಧ ಮುಗಿದಿತ್ತು. ಆಕೆ ಅಡ್ಡ ಮಾತಾಡದೆ ಪೂರ್ತಿ ಕೇಳಿಸಿಕೊಂಡು, ಅವರು ಹೇಳಿದ್ದನ್ನೇ ಎರಡು ವಾಕ್ಯದಲ್ಲಿ ತಿರುಗಿ ಹೇಳಿ, ನಾನು ಸರಿಯಾಗಿ ಅರ್ಥ ಮಾಡಿಕೊಂಡೆನೇ ಎಂದು ಕೇಳಿದರು. ಹುಡುಗನನ್ನು ಈಗಲೇ ಕರೆಸಿ ಎಂದಾಗ ಮಾತ್ರ ಒಪ್ಪಲಿಲ್ಲ: "ದನಿ ಇಳಿದ ಮೇಲೆ ಕರೆಸೋಣ, ಅಲ್ಲಿಯವರೆಗೆ ನಾವು ದೊಡ್ಡವರೇ ಮಾತಾಡೋಣ." ಅಣ್ಣ ಕುರ್ಚಿ ಎಳೆದುಕೊಂಡು ಕುಳಿತರು.

ಕೊರತೆಗಳೂ ಇವೆ, ಅವನ್ನು ಮುಚ್ಚಿಡಲಾರೆ. ಇಡೀ ಶಾಲೆಗೆ ಒಬ್ಬರೇ ಆಪ್ತಸಮಾಲೋಚಕಿ, ಅದೂ ವಾರಕ್ಕೆ ಮೂರು ದಿನ. ಎರಡನೆಯ ಭೇಟಿಗೆ ಹದಿನೇಳು ದಿನ ಕಾಯಬೇಕಾಯಿತು. ಕೊಠಡಿ ಎಂದರೆ ಶಿಕ್ಷಕರ ಕೊಠಡಿಯನ್ನು ಪ್ಲೈವುಡ್‌ನಿಂದ ಅಡ್ಡಗಟ್ಟಿದ ಜಾಗ. ಆಚೆ ಚಹದ ಲೋಟ ಇಟ್ಟ ಸದ್ದು ಈಚೆ ಕೇಳಿಸುತ್ತದೆ ಎಂದಮೇಲೆ ಈಚೆಯ ಅಳು ಆಚೆ ಕೇಳಿಸದೆ ಇರುತ್ತದೆಯೇ? ಎಲ್ಲಕ್ಕಿಂತ ನೋವಾದದ್ದು, ತರಗತಿಯಲ್ಲಿ ಎಲ್ಲರ ಎದುರಿಗೆ "ನೀನು ಕೌನ್ಸೆಲಿಂಗ್‌ಗೆ ಹೋಗು" ಎಂದು ಅವನ ಹೆಸರು ಕೂಗಿದ್ದು. ಒಂದು ವಾರ ಹುಡುಗರು ಅವನನ್ನು ಮೆಂಟಲ್ ಎಂದು ಕರೆದರು. ನಾವು ದೂರು ಕೊಟ್ಟ ಮೇಲೆ ಈಗ ಗ್ರಂಥಾಲಯದ ಚೀಟಿ ಕಳಿಸಿ ಕರೆಯುತ್ತಾರೆ. ಇದು ಯಾರೂ ದೂರು ಕೊಡುವ ಮೊದಲೇ ಇರಬೇಕಾದ ಏರ್ಪಾಡು.

ತಮ್ಮ ಮಿತಿಯನ್ನು ಆಕೆ ಬಲ್ಲರು. ತಾನು ವೈದ್ಯೆಯಲ್ಲ, ಔಷಧ ಕೊಡುವುದಿಲ್ಲ. ನಿದ್ದೆ, ಊಟ ಎರಡೂ ತಪ್ಪಿ ವಾರಗಳೇ ಕಳೆದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ ಎಂದು ನನ್ನ ಹೆಂಡತಿಗೆ ಹೇಳಿದ್ದರು. ಶಾಲೆ ಮುಚ್ಚಿದ ಹೊತ್ತಿಗೆ ಬೇಕಾದರೆ ಎಂದು ಎರಡು ಸಂಖ್ಯೆಗಳನ್ನೂ ಬರೆದುಕೊಟ್ಟರು: ಹಗಲಿರುಳು ಉಚಿತವಾಗಿ ಸಿಗುವ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಆ ಚೀಟಿ ಇಂದಿಗೂ ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲಿದೆ.

ಪ್ರತ್ಯೇಕ ಶುಲ್ಕವಿಲ್ಲ. ಭೇಟಿಯ ಸಮಯ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ, ಅಂದರೆ ನಮ್ಮಂಥ ಮಂಡಿಯವರಿಗೆ ಟೆಂಡರ್ ನಡೆಯುವ ವೇಳೆಗೇ. ತಿಂಗಳಿಗೆ ಒಂದು ಶನಿವಾರ ಸಂಜೆಯಾದರೂ ಪೋಷಕರಿಗೆ ಮೀಸಲಿಡಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಹೋಗುವವರು ಹಿಂದಿನ ಎರಡು ವರ್ಷದ ಅಂಕಪಟ್ಟಿಗಳನ್ನು ಜೊತೆಗೆ ಒಯ್ಯಿರಿ, ಸಾಧ್ಯವಾದರೆ ತಂದೆ ತಾಯಿ ಇಬ್ಬರೂ ಹೋಗಿ, ಮನೆಯ ಹಿರಿಯರು ಬರುವುದಾದರೆ ಆಕೆಗೆ ಮೊದಲೇ ತಿಳಿಸಿ.