160 ಸ್ಟೀಲ್ ತಟ್ಟೆ, ಒಂದೂವರೆ ಡ್ರಮ್ ನೀರು: ಕೋಲಾರದ ಒಂದು ಪಾತ್ರೆ ಬಾಡಿಗೆ ಅಂಗಡಿ

ಮೇ ತಿಂಗಳಲ್ಲಿ ನಮ್ಮ ಚಿಕ್ಕ ಮಗನ ಮೊದಲ ಪರಮಪ್ರಸಾದ ಇತ್ತು, ಅಂದರೆ ಕ್ಯಾಥೊಲಿಕ್ ಮಕ್ಕಳು ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ ಸ್ವೀಕರಿಸುವ ದಿನ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಮಧ್ಯಾಹ್ನ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿ ಊಟ. 150 ಜನ. ಬಿರಿಯಾನಿ ಲೆಕ್ಕ ಹಾಕಲು ಬಂದ ಅಡುಗೆಯವರು ಮೊದಲು ಕೇಳಿದ್ದೇ, "ಅಕ್ಕ, ಪ್ಲೇಟು, ಲೋಟ, ನೀರಿನ ಬಾಟಲು ನಾವೇ ತರೋದಾ?" ಅಂತ. ಬೇಡ ಅಂದೆ.

ಅದಕ್ಕೆ ಕಾರಣ ನನ್ನ ಮಗ. ಚರ್ಚಿನ ಕೆಥೆಕಿಸಂ (ಧರ್ಮಬೋಧನೆ) ಕ್ಲಾಸಿನಲ್ಲಿ ಸಿಸ್ಟರ್ ಮಕ್ಕಳಿಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ 'ಲೌದಾತೊ ಸಿ' ಪತ್ರದ ಬಗ್ಗೆ ಹೇಳಿದ್ದರು. ಈ ಭೂಮಿ ನಮ್ಮೆಲ್ಲರ ಒಂದೇ ಮನೆ ಅನ್ನುವ ಪತ್ರ ಅದು. ಅದರ 211ನೇ ಪ್ಯಾರಾ ಓದಿದರೆ ನಮ್ಮ ಅತ್ತೆ ದಿನಾ ಹೇಳುವ ಮಾತು ಕೇಳಿದ ಹಾಗೇ ಇದೆ. ಪ್ಲಾಸ್ಟಿಕ್, ಕಾಗದ ಕಡಿಮೆ ಮಾಡಿ. ನೀರು ಹಿಡಿತದಲ್ಲಿ ಬಳಸಿ. ಕಸ ಬೇರೆ ಬೇರೆ ಮಾಡಿ. ತಿನ್ನುವಷ್ಟೇ ಬೇಯಿಸಿ. ಗಿಡ ನೆಡಿ. ಬೇಡದ ಲೈಟು ಆರಿಸಿ. ಪರಮಪ್ರಸಾದಕ್ಕೆ ತಯಾರಾಗುವಾಗ ಒಂದೊಂದು ಮಾತು ಕೊಡಿ ಅಂತ ಸಿಸ್ಟರ್ ಕೇಳಿದ್ದರಂತೆ. ನಮ್ಮವನು ನೋಟ್‌ಬುಕ್ಕಿನಲ್ಲಿ ಬರೆದಿದ್ದ: "ನನ್ನ ಊಟದ ದಿನ ಕಸ ಮಾಡಲ್ಲ." 9 ವರ್ಷದ ಮಗು ದೇವರಿಗೆ ಕೊಟ್ಟ ಮಾತನ್ನು ಅಪ್ಪ ಅಮ್ಮ ಮುರಿಯೋಕಾಗುತ್ತಾ?

ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಿದ್ದಾರೆ. ಆದರೆ ಸಮಾರಂಭಗಳಲ್ಲಿ ಕೊಡುವ ಪುಟ್ಟ ನೀರಿನ ಬಾಟಲು ಆ ಪಟ್ಟಿಯಲ್ಲಿಲ್ಲ. ಪೇಪರ್ ಲೋಟ ಅಂದರೂ ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುತ್ತದೆ. ಹಿಂದಿನ ವರ್ಷ ನೆಂಟರ ಮನೆ ಊಟದ ಮಾರನೇ ದಿನ, ಬೀದಿ ಕೊನೆಯಲ್ಲಿ ಒಂದು ಕರು ಸಾರು ಮೆತ್ತಿದ ಪೇಪರ್ ಪ್ಲೇಟನ್ನು ಅಗಿಯುತ್ತಾ ನಿಂತಿತ್ತು. ಅದು ನನ್ನ ಕಣ್ಣಿನಿಂದ ಹೋಗಿಲ್ಲ.

ಹಾಗಾಗಿ ಪೇಟೆಯ ಗಲ್ಲಿಯೊಂದರಲ್ಲಿದ್ದ ಶಾಮಿಯಾನ ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಪಾತ್ರೆ ಅಂತಲೇ ಇಲ್ಲ. ಕೇಳಿದರೆ ಒಳಗೆ ಗೋಣಿಚೀಲಗಳಲ್ಲಿ ಸ್ಟೀಲ್ ತಟ್ಟೆಗಳ ರಾಶಿ! "ಈಗ ಯಾರೂ ಕೇಳಲ್ಲ ಅಕ್ಕ" ಅಂದರು ಅಂಗಡಿಯವರು. ನಿಮ್ಮೂರಿನ ಶಾಮಿಯಾನ ಅಂಗಡಿಯಲ್ಲೂ ಒಮ್ಮೆ ಕೇಳಿ ನೋಡಿ, ಇರಬಹುದು.

ಬಾಡಿಗೆ ಹೀಗಿತ್ತು. ತಟ್ಟೆಗೆ 4 ರೂಪಾಯಿ, ಲೋಟಕ್ಕೆ ಒಂದೂವರೆ, ಬಟ್ಟಲಿಗೆ ಒಂದೂವರೆ. 160 ಸೆಟ್ ತಗೊಂಡೆವು, 1,120 ಆಯಿತು. ತೊಳೆಯೋದಕ್ಕೆ ಸೆಟ್ಟಿಗೆ 3 ರೂಪಾಯಿಯಂತೆ 480. ಲಗೇಜ್ ಆಟೋ 300. ಒಟ್ಟು 1,900. ಅಡುಗೆಯವರು ಪೇಪರ್ ಪ್ಲೇಟು, ಬಾಟಲಿಗೆ ಹೇಳಿದ್ದು 1,950. ಅಲ್ಲಿಗೆ ದುಡ್ಡಿನ ಮಾತು ಮುಗಿಯಿತು. ಅಡ್ವಾನ್ಸ್ 2,000 ಕೊಟ್ಟಿದ್ದೆವು. ಎರಡು ಲೋಟ ಸಿಗಲಿಲ್ಲ, 120 ಹಿಡಿದುಕೊಂಡು ಉಳಿದದ್ದು ಅವತ್ತೇ ವಾಪಸ್ ಕೊಟ್ಟರು.

ತಟ್ಟೆಗಳು ಹಳೆಯವು, ಆದರೆ ಗಟ್ಟಿ. ಎಷ್ಟೋ ತಟ್ಟೆಗಳ ಹಿಂದೆ ಯಾರ್ಯಾರದೋ ಹೆಸರು ಕೊರೆದಿದೆ. ನನ್ನ ಕೈಗೆ ಬಂದ ಒಂದರಲ್ಲಿ 1987 ಅಂತ ಇತ್ತು. ಯಾರದೋ ಮದುವೆಯ ಉಡುಗೊರೆ ಇರಬೇಕು. ಅದರಲ್ಲಿ ನನ್ನ ಮಗ ಊಟ ಮಾಡಿದ. ಒಂದು ಕೊರತೆ ಅಂದರೆ, ಖಾನೆ ಇರುವ ತಟ್ಟೆ ಇರಲಿಲ್ಲ. ಮೊಸರು ಬಜ್ಜಿ ಹರಿದು ಬಿರಿಯಾನಿಗೆ ಸೇರುತ್ತಿತ್ತು. ಸೌಟುಗಳೂ ಸಾಲಲಿಲ್ಲ, ಜಾಸ್ತಿ ಕೇಳಿ ತಗೊಳ್ಳಿ.

ನಿಜವಾದ ತಲೆನೋವು ನೀರು. ನಮ್ಮ ಭಾವನವರು ಮೊದಲೇ ಕೇಳಿದ್ದರು, "ಪ್ಲಾಸ್ಟಿಕ್ ಉಳಿಸೋಕೆ ಹೋಗಿ ನೀರು ಚೆಲ್ತೀಯಲ್ಲಮ್ಮ, ಅದೂ ಪಾಪ ಅಲ್ವಾ?" ಸರಿಯಾದ ಪ್ರಶ್ನೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ಸಾವಿರ ಅಡಿ ದಾಟಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಇನ್ನೊಂದು ಊರಿನ ಬಚ್ಚಲ ನೀರಿಗೆ ಕಾಯುವ ಊರಿನಲ್ಲಿ ತಟ್ಟೆ ತೊಳೆಯೋಕೆ ಟ್ಯಾಂಕರ್ ತರಿಸೋದಾ? ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಅಂಗಡಿಯವರು ಕಳಿಸಿದ ಇಬ್ಬರು ಹೆಂಗಸರು ನನ್ನ ಚಿಂತೆ ಕಳೆದರು. ತಟ್ಟೆಯಲ್ಲಿ ಉಳಿದದ್ದನ್ನು ಮೊದಲು ಕೈಯಿಂದ ಬಳಿದು ಬಕೆಟ್‌ಗೆ ಹಾಕಿದರು. ಸಾಲಾಗಿ ಮೂರು ಟಬ್. ಮೊದಲನೆಯದರಲ್ಲಿ ತಟ್ಟೆಯನ್ನು ಸುಮ್ನೆ ಅದ್ದಿ ತೆಗೆಯೋದು. ಆಮೇಲೆ ಒಲೆಯ ಬೂದಿಗೆ ಸ್ವಲ್ಪ ಸೋಪಿನ ಪುಡಿ ಬೆರೆಸಿ ತೆಂಗಿನ ನಾರಿನಿಂದ ಉಜ್ಜೋದು. ಎರಡನೇ ಟಬ್ಬಿನಲ್ಲಿ ಅಲುಬಿ, ಮೂರನೆಯದರಲ್ಲಿ ಮತ್ತೆ ಅಲುಬೋದು. ಮೊದಲನೆಯದು ಕೊಳೆಯಾದಾಗ ಅದನ್ನು ತೆಂಗಿನ ಬುಡಕ್ಕೆ ಸುರಿದು, ಎರಡನೇ ಟಬ್ಬನ್ನು ಮೊದಲಿನ ಜಾಗಕ್ಕೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಬಿರಿಯಾನಿ ಒಲೆಯ ಕೆಂಡದ ಮೇಲೆ ಕಾಯಿಸಿಟ್ಟ ಬಿಸಿನೀರು. ಅಷ್ಟೂ ಪಾತ್ರೆಗೆ ಖರ್ಚಾದದ್ದು ಒಂದೂವರೆ ಡ್ರಮ್, ಅಂದರೆ ಸುಮಾರು 300 ಲೀಟರ್. ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ತೊಳೆಯುವ ನಾನು ಅವರಿಂದ ಕಲಿತೆ. ಈಗ ನಮ್ಮ ಸಿಂಕಿನಲ್ಲೂ ಎರಡು ಬೇಸಿನ್ ಇಟ್ಟಿದ್ದೇನೆ.

ಆದರೆ ಅಂಗಡಿಯ ಮೇಲೆ ನನಗೆ ಬೇಸರ ಇರುವುದೂ ಇಲ್ಲೇ. ಆ ಇಬ್ಬರಲ್ಲಿ ದೊಡ್ಡವರಿಗೆ ನಮ್ಮ ಅಮ್ಮನ ವಯಸ್ಸು. ಮೂರು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದರು. ಕೂರೋಕೆ ಒಂದು ಮಣೆ ಇಲ್ಲ. ಕೈಗೆ ಗ್ಲೌಸ್ ಇಲ್ಲ, ಬೂದಿಗೆ ಬೆರಳ ಸಂದಿ ಬಿರಿದಿತ್ತು. ಎಷ್ಟು ಕೊಡ್ತಾರಮ್ಮ ಅಂತ ಕೇಳಿದೆ. ಒಬ್ಬೊಬ್ಬರಿಗೆ 150. ನಾನು ಕೊಟ್ಟ 480ರಲ್ಲಿ ಅವರಿಗೆ ಹೋದದ್ದು 300 ಮಾತ್ರ. ಅದೇ ಪತ್ರದ 49ನೇ ಪ್ಯಾರಾದಲ್ಲಿ ಪೋಪ್ ಫ್ರಾನ್ಸಿಸ್, ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಎರಡನ್ನೂ ಕೇಳಿಸಿಕೊಳ್ಳಬೇಕು ಅನ್ನುತ್ತಾರೆ. ನಮ್ಮ ಮನೆ ಕಸ ಕಡಿಮೆಯಾದದ್ದು ಆ ತಾಯಿಯ ಸೊಂಟದ ನೋವಿನಿಂದ ಅಂದರೆ ಅದು ಹೇಗೆ ಸರಿ?

ಅವತ್ತು ನಮ್ಮ ಕೈಲಾದದ್ದು ಮಾಡಿದೆವು. ಇಬ್ಬರಿಗೂ 300 ಬೇರೆಯಾಗಿ ಕೊಟ್ಟೆವು. ಪಾತ್ರೆ ತೊಳೆಯುವವರು ಕೊನೆಗೆ ಉಣ್ಣುವುದು ರೂಢಿ ಅಲ್ವಾ, ಅವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದೆವು. ಊಟಕ್ಕೆ ಮುಂಚೆ ಫಾದರ್ ಪ್ರಾರ್ಥನೆ ಹೇಳುವಾಗ, ಅಡುಗೆ ಮಾಡಿದವರನ್ನೂ ಪಾತ್ರೆ ತೊಳೆಯುವವರನ್ನೂ ನೆನೆದರು. ದೊಡ್ಡವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮಗ ತನ್ನ ತಟ್ಟೆಯನ್ನು ತಾನೇ ಬಳಿದು ಟಬ್ಬಿನ ಹತ್ತಿರ ಇಟ್ಟು ಬಂದ. ಅವನನ್ನು ನೋಡಿ ಉಳಿದ ಮಕ್ಕಳೂ ಹಾಗೇ ಮಾಡಿದರು.

ತಟ್ಟೆಗೆ, ಬಾಡಿಗೆಗೆ, ಹೇಳಿದ ಹೊತ್ತಿಗೆ ತಂದುಕೊಟ್ಟಿದ್ದಕ್ಕೆ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಕೆಲಸದವರನ್ನು ನೋಡಿಕೊಂಡ ರೀತಿಗೆ ಕೊಡಲಾರೆ.

ಅಕ್ಟೋಬರ್ 4 ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬ. ಅವತ್ತು ಚರ್ಚಿನಲ್ಲಿ ಎಲ್ಲರಿಗೂ ಊಟ ಇದೆ. ಅದೇ ಅಂಗಡಿಗೆ ಹೋಗಿ 200 ಸೆಟ್ ಹೇಳಿ ಬಂದೆ. "ಅಣ್ಣ, ತೊಳೆಯೋದಕ್ಕೆ ಸೆಟ್ಟಿಗೆ 3ರ ಬದಲು 5 ತಗೊಳ್ಳಿ, ಅಷ್ಟೂ ಅವರ ಕೈಗೇ ಹೋಗಲಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಗ್ಲೌಸ್ ಅವರೇ ಕೊಡುತ್ತಾರಂತೆ. ಮಣೆ ಎರಡು ನಮ್ಮ ಮನೆಯಿಂದ ತಗೊಂಡು ಹೋಗುತ್ತೇನೆ.