ಹಳೆಯ ಮೈಸೂರು ರಸ್ತೆಯನ್ನು ನೋಡಲು ಊರೊಳಗೆ ಹೋಗುವ ಕೆಂಪು ಬಸ್ಸು

ಬೆಂಗಳೂರಿನಿಂದ ಮೈಸೂರಿಗೆ ದಾರಿಯುದ್ದಕ್ಕೂ ಊರೂರಿನ ಒಳಗೆ ನಿಲ್ಲಿಸಿಕೊಂಡು ಹೋಗುವ ಕೆಂಪು ಬಸ್ಸನ್ನು ಯಾರೂ ಪ್ರವಾಸದ ಸೇವೆಯೆಂದು ಪರಿಗಣಿಸುವುದಿಲ್ಲ. ಆದರೆ ದಶಪಥ ಹೆದ್ದಾರಿ ಬಂದ ಮೇಲೆ ಮರೆಗೆ ಸರಿದ ಹಳೆಯ ಮೈಸೂರು ರಸ್ತೆಯಲ್ಲಿ ಇನ್ನೂ ಏನೇನು ಉಳಿದಿದೆಯೆಂದು ನೋಡಬಯಸುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಂತ ಕಾರಿನಲ್ಲಿ ಹೊರಟರೆ ಮೊಬೈಲಿನ ನಕ್ಷೆಯು ಪ್ರತಿ ತಿರುವಿನಲ್ಲೂ ಹೆದ್ದಾರಿಗೆ ಮರಳುವಂತೆ ಒತ್ತಾಯಿಸುತ್ತಲೇ ಇರುತ್ತದೆ. ಮೇಲಾಗಿ, ಕಾರು ಓಡಿಸುವವರಿಗೆ ರಸ್ತೆಯ ಅಂಚಿನಲ್ಲಿ ಏನಿದೆಯೆಂದು ನೋಡುವ ಬಿಡುವು ಸಿಗುವುದೇ ಇಲ್ಲ. ಬಸ್ಸಿನ ಕಿಟಕಿಯ ಪಕ್ಕ ಕುಳಿತವರಿಗೆ ಆ ಬಿಡುವು ತಾನಾಗಿಯೇ ಸಿಗುತ್ತದೆ.

ಬಸ್ಸಿನ ವಿಚಾರಕ್ಕೆ ಬರುವ ಮೊದಲು, ಹಳೆಯ ರಸ್ತೆ ಎಲ್ಲಿ ಉಳಿದಿದೆ, ಎಲ್ಲಿ ಉಳಿದಿಲ್ಲ ಎಂಬುದನ್ನು ಹೇಳಬೇಕು. ಸುಮಾರು 118 ಕಿಲೋಮೀಟರ್ ಉದ್ದದ ದಶಪಥ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿಯವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ನಡುವಿನ ಆರು ಪಥಗಳು ವೇಗದ ವಾಹನಗಳಿಗೆ ಮೀಸಲು. ಎರಡೂ ಬದಿಗೆ ಎರಡೆರಡು ಪಥಗಳ ಸರ್ವಿಸ್ ರಸ್ತೆಗಳಿವೆ. ಇದು ಹಳೆಯ ರಸ್ತೆಯಿಂದ ಪೂರ್ತಿಯಾಗಿ ಬೇರೆಯಾದ ಹೊಸ ದಾರಿಯೇನಲ್ಲ. ಊರುಗಳ ನಡುವಿನ ಬಯಲಿನಲ್ಲಿ, ಹಿಂದೆ ರಾಜ್ಯ ಹೆದ್ದಾರಿ 17 ಎಂದು ಕರೆಸಿಕೊಳ್ಳುತ್ತಿದ್ದ ನಾಲ್ಕು ಪಥಗಳ ರಸ್ತೆಯನ್ನೇ ಅಗಲಗೊಳಿಸಿ ಇದನ್ನು ಕಟ್ಟಲಾಗಿದೆ. ಹೀಗಾಗಿ ಅಲ್ಲಿ ಹಳೆಯದೆಂಬುದು ಬಹುಮಟ್ಟಿಗೆ ಅಳಿಸಿಹೋಗಿದೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳ ಬಳಿ ಮಾತ್ರ ಹೊಸ ರಸ್ತೆ ಊರನ್ನು ಬಳಸಿಕೊಂಡು ಬೈಪಾಸಿನಲ್ಲಿ ಸಾಗುವುದರಿಂದ, ಆ ಊರುಗಳ ಹೊಟ್ಟೆಯಲ್ಲಿ ಹಳೆಯ ರಸ್ತೆ ತುಂಡುತುಂಡಾಗಿ ಹಾಗೆಯೇ ಉಳಿದಿದೆ. ಊರೊಳಗಿನ ಬಸ್ಸು ಈ ತುಂಡುಗಳನ್ನು ಒಂದೂ ಬಿಡದೆ ಪೋಣಿಸಿಕೊಂಡು ಹೋಗುತ್ತದೆ, ಮತ್ತು ಈ ಸೇವೆಯ ಬೆಲೆ ಇರುವುದೇ ಅದರಲ್ಲಿ.

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಹತ್ತುವುದು ಅನುಕೂಲ. ಮೆಟ್ರೊದಲ್ಲಿ ಬರುವವರು ದೀಪಾಂಜಲಿನಗರದಲ್ಲಿ ಇಳಿದರೆ ನಿಲ್ದಾಣ ಹತ್ತಿರದಲ್ಲೇ ಸಿಗುತ್ತದೆ. ತಡೆರಹಿತ ಬಸ್ಸುಗಳು, ರಾಜಹಂಸ ಮತ್ತು ಐರಾವತಗಳು ಈ ಕೆಲಸಕ್ಕೆ ಬರುವುದಿಲ್ಲ. ಕೆಂಪು ಬಸ್ಸುಗಳಲ್ಲಿಯೂ ಕೆಲವು ಬೈಪಾಸಿನಲ್ಲೇ ಹೋಗುವುದರಿಂದ, ಹತ್ತುವ ಮೊದಲು ನಿರ್ವಾಹಕರನ್ನು ಕೇಳಿಯೇ ಹತ್ತಬೇಕು. "ಊರೊಳಗೆ ಹೋಗುತ್ತಾ ಸಾರ್?" ಎಂದು ನಾನು ಕೇಳಿದಾಗ, "ಎಲ್ಲಾ ಊರೊಳಕ್ಕೂ ಹೋಯ್ತದೆ ಅಕ್ಕ, ಹತ್ಕಳಿ" ಎಂದವರು, ಆಮೇಲೆ ಪ್ರತಿ ಊರು ಬಂದಾಗಲೂ ಹಿಂದಿನ ಸೀಟಿನವರಿಗೂ ಕೇಳುವಂತೆ ಹೆಸರು ಕೂಗಿ ಹೇಳುತ್ತಿದ್ದರು. ಇಡೀ ದಾರಿಗೆ ಒಂದೇ ಟಿಕೆಟ್ ತೆಗೆದುಕೊಳ್ಳುವ ಬದಲು ಒಂದು ಊರಿನಿಂದ ಇನ್ನೊಂದು ಊರಿಗೆ ಬಿಡಿಬಿಡಿಯಾಗಿ ತೆಗೆದುಕೊಂಡು, ಇಳಿದು, ಅಡ್ಡಾಡಿ, ಮುಂದಿನ ಬಸ್ಸು ಹಿಡಿಯುವುದು ಸರಿಯಾದ ಕ್ರಮ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಕಾರಣದಿಂದ ರಾಜ್ಯದ ಮಹಿಳೆಯರಿಗೆ ಇದಕ್ಕೆ ಖರ್ಚೇ ಇಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಎಷ್ಟು ಸಲ ಬೇಕಾದರೂ ಇಳಿದು ಹತ್ತಬಹುದು. ನನ್ನಂಥವರಿಗೆ ಈ ರಸ್ತೆಯನ್ನು ನಿಧಾನವಾಗಿ ನೋಡುವುದು ಸಾಧ್ಯವಾದದ್ದು ಇದರಿಂದಲೇ ಎಂದು ಹೇಳಲು ನನಗೆ ಸಂತೋಷವಿದೆ.

ನಗರದೊಳಗಿನ ಭಾಗವನ್ನು ಕುರಿತು ಹೆಚ್ಚು ಹೇಳುವುದಕ್ಕೇನಿಲ್ಲ. ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಸ್ಥಾನ ರಸ್ತೆಗೆ ಮುಖ ಮಾಡಿಕೊಂಡು ಹಿಂದಿನಂತೆಯೇ ಇದೆ, ಹೊಸ ವಾಹನ ಕೊಂಡವರು ಪೂಜೆಗೆ ಬರುವುದೂ ನಿಂತಿಲ್ಲ. ಅಲ್ಲಿಂದ ಕೆಂಗೇರಿ, ಕುಂಬಳಗೋಡುಗಳವರೆಗೆ ಮೆಟ್ರೊ ಕಂಬಗಳು, ಕಾರ್ಖಾನೆಗಳು ಮತ್ತು ಕಲ್ಯಾಣ ಮಂಟಪಗಳು ಹಳೆಯ ಗುರುತುಗಳನ್ನು ಮುಚ್ಚಿಬಿಟ್ಟಿವೆ. ಬಿಡದಿಯಲ್ಲಿ ಬಸ್ಸು ಮೊದಲ ಬಾರಿಗೆ ಹೆದ್ದಾರಿಯನ್ನು ಬಿಟ್ಟು ಊರಿನತ್ತ ಹೊರಳುತ್ತದೆ, ರಸ್ತೆ ಕಿರಿದಾಗುತ್ತದೆ, ಎರಡೂ ಕಡೆಯ ತಟ್ಟೆ ಇಡ್ಲಿ ಹೋಟೆಲುಗಳು ಕಿಟಕಿಗೆ ಹತ್ತಿರವಾಗುತ್ತವೆ. ಬೆಳಿಗ್ಗೆ ಹೊರಟವರು ತಿಂಡಿಗೆ ಇಲ್ಲೇ ಇಳಿಯುವುದು ಒಳ್ಳೆಯದು. ಬಿಸಿ ಇಡ್ಲಿಯ ಮೇಲೆ ಬೆಣ್ಣೆ ಹಾಕಿ ಕೊಡುವ ಪದ್ಧತಿ ಹೆದ್ದಾರಿಯಿಂದಾಗಿ ಬದಲಾಗಿಲ್ಲ.

ಇಡೀ ದಾರಿಯಲ್ಲಿ ನೋಡುವುದಕ್ಕೆ ಹೆಚ್ಚು ಸಿಗುವುದು ರಾಮನಗರದಿಂದ ಚನ್ನಪಟ್ಟಣದವರೆಗಿನ ತುಂಡಿನಲ್ಲಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ಒಂದು ಕಾಲದಲ್ಲಿ ಕ್ಲೋಸ್‌ಪೇಟೆಯೆನಿಸಿಕೊಂಡಿದ್ದ ರಾಮನಗರದಲ್ಲಿ ರೇಷ್ಮೆ ಗೂಡಿನ ವ್ಯಾಪಾರ ಇಂದಿಗೂ ಊರಿನ ಜೀವಾಳವಾಗಿದೆ, ಮತ್ತು ಗೂಡಿನ ಚೀಲಗಳನ್ನು ಹೊತ್ತ ರೈತರು ಇದೇ ಬಸ್ಸನ್ನು ಬಳಸುತ್ತಾರೆ. ಊರು ದಾಟಿದ ಮೇಲೆ, ಎಚ್.ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ ಜಾನಪದ ಲೋಕ ಹಳೆಯ ರಸ್ತೆಯ ಪಕ್ಕದಲ್ಲಿಯೇ ಸಿಗುತ್ತದೆ. ಹಿಂದೆ ಮೈಸೂರಿಗೆ ಹೋಗುವ ಪ್ರತಿಯೊಬ್ಬರ ಕಣ್ಣಿಗೂ ಬೀಳುತ್ತಿದ್ದ ಈ ಸಂಗ್ರಹಾಲಯಕ್ಕೆ ಈಗ ಬೇಕೆಂದೇ ಬರಬೇಕಾಗಿದೆ. ಒಂದು ಕಾಲದಲ್ಲಿ ದಾರಿಹೋಕರು ಸುಮ್ಮನೆ ಒಳಹೊಕ್ಕು ಎತ್ತಿನ ಗಾಡಿ, ಬೀಸುವ ಕಲ್ಲು, ಸೋಮನ ಮುಖಗಳನ್ನು ನೋಡಿ ಹೋಗುತ್ತಿದ್ದ ಜಾಗಕ್ಕೆ ಆ ಜನ ತಪ್ಪಿಹೋಗಬಾರದು. ಆದ್ದರಿಂದ ಓದುಗರು ಇಲ್ಲಿ ಇಳಿದು ಅರ್ಧ ದಿನವನ್ನಾದರೂ ಕಳೆಯಬೇಕೆಂದು ನಾನು ಆಗ್ರಹದಿಂದ ಹೇಳುತ್ತೇನೆ.

ಚನ್ನಪಟ್ಟಣದ ಗೊಂಬೆ ಅಂಗಡಿಗಳನ್ನು ನೋಡಿದರೆ, ಒಂದು ಹೆದ್ದಾರಿ ಊರಿಗೆ ಏನನ್ನು ಕೊಡುತ್ತಿತ್ತು ಎಂಬುದು ಯಾರ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ. ಅಂಗಡಿಗಳು ರಸ್ತೆಯಿಂದ ಸಾಕಷ್ಟು ಹಿಂದಕ್ಕೆ ಸರಿದು ನಿಂತಿವೆ. ಪ್ರವಾಸಿ ಬಸ್ಸುಗಳು ತಿರುಗಿ ನಿಲ್ಲಲೆಂದು ಬಿಟ್ಟಿದ್ದ ಅಂಗಳಗಳಲ್ಲಿ ಕೆಲವು ಈಗ ಬರಿದಾಗಿ, ಅಂಚಿನಲ್ಲಿ ಹುಲ್ಲು ಬೆಳೆದಿದೆ. ದೂರದಿಂದಲೇ ಓದಲೆಂದು ಬರೆಸಿದ ದೊಡ್ಡ ದೊಡ್ಡ ಫಲಕಗಳು, ನಿಧಾನವಾಗಿ ಸಾಗುವ ಬಸ್ಸಿನಿಂದ ನೋಡುವಾಗ ಅಳತೆ ಮೀರಿದಂತೆ ತೋರುತ್ತವೆ. ನಾನು ಇಳಿದು ಒಳಹೊಕ್ಕ ಅಂಗಡಿಯಲ್ಲಿ ಮಾಲೀಕರು, "ಮೊದ್ಲು ಭಾನುವಾರ ಬಂತು ಅಂದ್ರೆ ಕಾರು ನಿಲ್ಲಿಸೋಕೆ ಜಾಗ ಇರ್ತಿರಲಿಲ್ಲ ಅಮ್ಮ, ಈಗ ಊರಿನೋರು, ಬಸ್ಸಿನೋರು ಬಂದರೇನೇ ವ್ಯಾಪಾರ" ಎಂದರು. ಅಂಗಡಿಯ ಹಿಂಬದಿಯಲ್ಲಿ ಕುಶಲಕರ್ಮಿಯೊಬ್ಬರು ತಿರುಗುವ ಯಂತ್ರಕ್ಕೆ ಆಲೆ ಮರದ ತುಂಡೊಂದನ್ನು ಸಿಕ್ಕಿಸಿ, ಅದು ಸುತ್ತುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೆಂಪು ಬಣ್ಣ ಹತ್ತಿತು. ಬಳಿಕ ಒಣಗಿದ ತಾಳೆಗರಿಯ ತುಂಡಿನಿಂದ ಒರೆಸಿದಾಗ ಅದಕ್ಕೆ ಹೊಳಪು ಬಂತು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಗೊಂಬೆಗಳನ್ನು ಬೆಂಗಳೂರಿನ ಮಳಿಗೆಗಳಲ್ಲಿಯೂ ಕೊಳ್ಳಬಹುದಾದರೂ, ರಸ್ತೆಬದಿಯ ಈ ಅಂಗಡಿಗಳಲ್ಲೇ ಕೊಳ್ಳಿರೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಹಳೆಯ ರಸ್ತೆ ಹಳೆಯ ರಸ್ತೆಯಾಗಿ ಉಳಿಯಬೇಕಾದರೆ ಅದರ ಮೇಲಿನ ವ್ಯಾಪಾರವೂ ಉಳಿಯಬೇಕು.

ಮದ್ದೂರಿನಲ್ಲಿ ಹೆದ್ದಾರಿ ಮೇಲ್ಸೇತುವೆಯ ಮೇಲೆ ಹಾದುಹೋಗುತ್ತದೆ, ಬಸ್ಸು ಕೆಳಗೆ ಊರಿನೊಳಗೆ ಸಾಗುತ್ತದೆ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರ ಇಲ್ಲಿಯೇ ಇದೆ. ಸ್ಮಾರಕವಾಗಿ ಕಟ್ಟಿದ ಸತ್ಯಾಗ್ರಹ ಸೌಧವನ್ನು ಮೇಲಿನಿಂದ ಧಾವಿಸುವವರು ಗಮನಿಸುವುದು ಕಷ್ಟ. ರೈಲು ನಿಲ್ದಾಣದ ನಂಟಿನಿಂದ ಹೆಸರಾದ ಮದ್ದೂರು ವಡೆ ಬಸ್ಸಿನ ಪ್ರಯಾಣಿಕರಿಗೂ ಸಿಗುತ್ತದೆ, ಈರುಳ್ಳಿ ಧಾರಾಳವಾಗಿ ಬಿದ್ದ ಗರಿಗರಿಯಾದ ವಡೆ. ಮಂಡ್ಯದಲ್ಲಿ ಊರಿನ ನಡುವೆಯೇ ಹಾದುಹೋಗುವ ರಸ್ತೆ ಎಂದಿನ ಗಿಜಿಗಿಜಿಯಿಂದ ಕೂಡಿದೆ. ಹೊರಗಿನ ವಾಹನಗಳು ಕಡಿಮೆಯಾದರೂ ಊರಿನ ಸಂಚಾರ ಆ ಜಾಗವನ್ನು ತುಂಬಿಕೊಂಡಿರುವುದರಿಂದ, ಹಳೆಯ ಹೆದ್ದಾರಿಯ ಗುರುತೆಂದು ಬೊಟ್ಟು ಮಾಡಿ ತೋರಿಸುವಂಥದ್ದು ಇಲ್ಲಿ ಕಡಿಮೆ. ನಾನಾದರೆ ಮಂಡ್ಯದಲ್ಲಿ ಇಳಿಯದೆ ಮುಂದುವರಿಯುತ್ತೇನೆ.

ಶ್ರೀರಂಗಪಟ್ಟಣದಲ್ಲಿ ಮಾತ್ರ ಇಳಿಯಲೇಬೇಕು. ನಿಲ್ದಾಣದಿಂದ ಬೆಂಗಳೂರಿನ ದಿಕ್ಕಿಗೆ ಹಿಂದಕ್ಕೆ ನಡೆದರೆ ಕಾವೇರಿಯ ಉತ್ತರದ ಕವಲಿಗೆ ಅಡ್ಡಲಾಗಿ ವೆಲ್ಲೆಸ್ಲಿ ಸೇತುವೆ ಕಾಣುತ್ತದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಕಟ್ಟಿದ, ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಈ ಸೇತುವೆಯಲ್ಲಿ ಕಮಾನುಗಳಿಲ್ಲ. ನದಿಯ ಬಂಡೆಯ ಮೇಲೆ ಸಾಲುಸಾಲಾಗಿ ನಿಲ್ಲಿಸಿದ ಕಲ್ಲಿನ ಕಂಬಗಳು, ಅವುಗಳ ತಲೆಯ ಮೇಲೆ ಹೊರಚಾಚಿದ ಕಲ್ಲುಗಳು, ಅವುಗಳ ಮೇಲೆ ಅಡ್ಡಲಾಗಿ ಇಟ್ಟ ಕಲ್ಲಿನ ತೊಲೆಗಳು: ದೇವಸ್ಥಾನದ ಮಂಟಪವನ್ನು ಕಟ್ಟುವ ಕೈಗಳೇ ಹೊಳೆಯನ್ನು ದಾಟಿಸಿದಂತಿದೆ. ನೀರು ಇಳಿದ ಕಾಲದಲ್ಲಿ ಕಂಬಗಳ ಬುಡದವರೆಗೂ ಕಾಣುತ್ತದೆ. ಕಾವೇರಿಯ ಎಷ್ಟೋ ಮಹಾಪೂರಗಳು ಇದರ ಮೇಲೆ ಹಾದುಹೋಗಿವೆ. ಬೆಂಗಳೂರು–ಮೈಸೂರು ದಾರಿಯ ಪದರಗಳು ಒಂದರ ಪಕ್ಕ ಒಂದು ಹೀಗೆ ಬಿಚ್ಚಿಕೊಂಡಿರುವ ಸ್ಥಳ ಬೇರೆಲ್ಲೂ ಇಲ್ಲ: ಪೂರ್ಣಯ್ಯನವರ ಕಾಲದ ಕಲ್ಲುಸೇತುವೆ, ನಮ್ಮ ಬಸ್ಸು ದಾಟಿ ಬಂದ ರಾಜ್ಯ ಹೆದ್ದಾರಿಯ ಸೇತುವೆ, ಊರಿನ ಹೊರಗೆ ದಶಪಥದ ಹೊಸ ಸೇತುವೆ. ಇಷ್ಟು ಮುಖ್ಯವಾದ ಕಟ್ಟಡದ ಬಳಿಗೆ ಕರೆದೊಯ್ಯುವ, ಎದ್ದು ಕಾಣುವಂಥ ಕೈಮರವೊಂದನ್ನು ಬಸ್ ನಿಲ್ದಾಣದಲ್ಲಿಯೇ ನಿಲ್ಲಿಸಬೇಕೆಂಬುದು ನನ್ನ ಮನವಿ.

ದಾರಿಯುದ್ದಕ್ಕೂ ಕಿಲೋಮೀಟರ್ ಕಲ್ಲುಗಳ ಮೇಲೂ ಕಣ್ಣಿಡಬೇಕು. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ತಲೆ ಎಂಬುದು ನಿಯಮ. ಇಂದು ಈ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ 275. ಆದ್ದರಿಂದ ಊರೊಳಗಿನ ತುಂಡುಗಳಲ್ಲಿ, ಅಂಗಡಿಯ ಮೆಟ್ಟಿಲ ಬಳಿ ಅರ್ಧ ಹೂತ ಹಸಿರು ತಲೆಯ ಕಲ್ಲು ಕಂಡರೆ ಅದು ರಾಜ್ಯ ಹೆದ್ದಾರಿಯ ದಿನಗಳದ್ದೆಂದು ತಿಳಿಯಬಹುದು. ಹಿಂದೆ ದಾರಿಗೆ ನೆರಳು ಕೊಡುತ್ತಿದ್ದ ಸಾಲುಮರಗಳು ಅಗಲೀಕರಣಗಳಲ್ಲಿ ಬಹುಪಾಲು ಹೋಗಿವೆ. ಉಳಿದಿರುವ ಒಂದೊಂದು ಹುಣಸೆ, ಆಲದ ಮರಗಳು ಸಿಗುವುದೂ ಬೈಪಾಸಿನಿಂದ ಬದುಕಿಕೊಂಡ ಈ ತುಂಡುಗಳಲ್ಲಿಯೇ.

ಸೇವೆಯ ಮಿತಿಗಳನ್ನೂ ಹೇಳಬೇಕು. ಹೆದ್ದಾರಿಯಲ್ಲಿ ಕಾರು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುವ ದೂರಕ್ಕೆ ಈ ಬಸ್ಸು ಎಲ್ಲಿಯೂ ಇಳಿಯದಿದ್ದರೂ ಮೂರು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಸೀಟುಗಳು ನೆಟ್ಟಗಿವೆ, ಬೆನ್ನು ನೋವಿರುವವರಿಗೆ ಒಂದೇ ಉಸಿರಿಗೆ ಮೈಸೂರು ತಲುಪುವುದು ಸುಲಭವಲ್ಲ. ಶನಿವಾರ, ಭಾನುವಾರ ಮತ್ತು ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಕಿಟಕಿಯ ಸೀಟಿನ ಆಸೆ ಬಿಡಬೇಕಾಗುತ್ತದೆ, ಆದ್ದರಿಂದ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ. ಕತ್ತಲಾದ ಮೇಲೆ ಹೊರಡುವುದರಲ್ಲಿ ಅರ್ಥವಿಲ್ಲ. ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಪ್ರವೇಶವಿಲ್ಲದ ಕಾರಣ ಬೈಕಿನವರೂ ಸರ್ವಿಸ್ ರಸ್ತೆ ಮತ್ತು ಹಳೆಯ ರಸ್ತೆಯನ್ನೇ ಹಿಡಿಯಬೇಕಾಗುತ್ತದೆ. ಅವರಿಗೂ ಇದೇ ಕ್ರಮವನ್ನು ಶಿಫಾರಸು ಮಾಡುತ್ತೇನೆ, ಆದರೆ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ವಾಹನಗಳ ಬಗ್ಗೆ ಎಚ್ಚರವಿರಲಿ.

ಐದರಲ್ಲಿ ನಾಲ್ಕು ಅಂಕಗಳನ್ನು ಮನಸಾರೆ ಕೊಡುತ್ತೇನೆ. ಬಸ್ಸಿನ ಮುಂದಿನ ಫಲಕದಲ್ಲಿ ಬರಿಯ "ಮೈಸೂರು" ಎಂಬುದರ ಕೆಳಗೆ, ಅದು ಹಾದುಹೋಗುವ ಊರುಗಳ ಹೆಸರುಗಳನ್ನೂ ಓದುವಷ್ಟು ದೊಡ್ಡದಾಗಿ ಬರೆಸುವಂತಾದರೆ, ಸ್ಯಾಟಲೈಟ್ ನಿಲ್ದಾಣದಲ್ಲಿ ಹೊಸಬರು ಬಸ್ಸಿನಿಂದ ಬಸ್ಸಿಗೆ ಕೇಳುತ್ತಾ ಓಡಾಡುವುದು ತಪ್ಪುತ್ತದೆ; ಉಳಿದ ಒಂದು ಅಂಕವನ್ನು ತಡೆಹಿಡಿದದ್ದು ಅದಕ್ಕಾಗಿ ಮಾತ್ರ.